ಹೌಟನ್ ಹಾಲ್‌ಗೆ ಹೋಗುವವರು ಮೊದಲು ವಾಪಸ್ ಬರುವ ದಾರಿ ನೋಡಿಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಭಾನುವಾರ ಹೊರಡಬೇಡಿ. 2025ರ ಬೇಸಿಗೆಯಲ್ಲಿ ಕೇಂಬ್ರಿಡ್ಜ್‌ನ ತಂಗಿ ಮನೆಯಲ್ಲಿದ್ದೆ. ಅಲ್ಲಿಂದ ಕಿಂಗ್ಸ್ ಲಿನ್‌ಗೆ ಸುಮಾರು ಒಂದು ಗಂಟೆಯ ರೈಲು, ಆಮೇಲೆ ಹೇಗೋ ಹೌಟನ್ ಹಾಲ್ ಸೇರಿಕೊಳ್ಳಬಹುದು ಅಂದುಕೊಂಡಿದ್ದೆ. ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದ ಹಳೆಯ ಬಂಗಲೆ ಅದು, ಸುತ್ತಲಿನ ಬಯಲಿನಲ್ಲಿ ಕಲಾಕೃತಿಗಳನ್ನು ಇಟ್ಟಿದ್ದಾರೆ. ಆ ದಿನ ಹಳಿ ರಿಪೇರಿ. ಈಲಿಯಲ್ಲಿ ಎಲ್ಲರನ್ನೂ ಇಳಿಸಿ ಒಂದು ಬಸ್ಸಿಗೆ ತುಂಬಿದರು. ಕಿಟಕಿ ತೆರೆಯುವ ಹಾಗಿಲ್ಲ, ಎಸಿ ಕೆಟ್ಟಿದೆ, ಸೂಟ್‌ಕೇಸುಗಳೆಲ್ಲ ನಡುವಿನ ದಾರಿಯಲ್ಲೇ. ಲಿಟಲ್‌ಪೋರ್ಟ್, ಡೌನ್‌ಹ್ಯಾಮ್ ಮಾರ್ಕೆಟ್ ಎಂದು ಒಂದೊಂದು ಸ್ಟೇಷನ್ನಿಗೂ ಒಳಗೆ ಹೋಗಿ ಹೊರಗೆ ಬಂದು, ಕಿಂಗ್ಸ್ ಲಿನ್ ಸೇರುವಷ್ಟರಲ್ಲಿ ಎರಡು ಗಂಟೆ ಹಾಳಾಗಿತ್ತು. ರಿಪೇರಿ ಇದ್ದರೆ ರೈಲಿನ ವೆಬ್‌ಸೈಟಿನಲ್ಲಿ ಮೊದಲೇ ಹಾಕಿರುತ್ತಾರೆ. ಹಿಂದಿನ ರಾತ್ರಿ ಒಂದು ಸಲ ನೋಡಿ, ಸಾಕು.

ಕಿಂಗ್ಸ್ ಲಿನ್‌ನಿಂದ ಆ ಬಂಗಲೆಯ ಬಾಗಿಲಿಗೆ ಹೋಗುವ ಬಸ್ಸು ನನಗೆ ಸಿಗಲಿಲ್ಲ. ಟ್ಯಾಕ್ಸಿಗೆ 42 ಪೌಂಡ್ ಕೊಟ್ಟೆ, ಅದೂ ಒಂದೇ ಕಡೆಗೆ. ಇಬ್ಬರು ಮೂವರು ಇದ್ದರೆ ಪರವಾಗಿಲ್ಲ. ಒಬ್ಬರೇ ಹೋದರೆ ನೋವಾಗುತ್ತದೆ. ಕಾರು ಓಡಿಸುವ ಗೆಳೆಯರಿದ್ದರೆ ದಯವಿಟ್ಟು ಅವರನ್ನು ಹೊರಡಿಸಿ.

ಈಗ ಒಳಗಿನ ಮಾತು. ಬ್ರಿಟನ್ನಿನ ಮೊದಲ ಪ್ರಧಾನಿ ಎನ್ನುವ ರಾಬರ್ಟ್ ವಾಲ್ಪೋಲ್ 1720ರ ದಶಕದಲ್ಲಿ ಕಟ್ಟಿಸಿದ ಮನೆ ಇದು. ಆತ ಕೂಡಿಸಿಟ್ಟ ಚಿತ್ರಗಳನ್ನು 1779ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್‌ಗೆ ಮಾರಿಬಿಟ್ಟರು. ಕೋಣೆಗಳು ಚೆನ್ನಾಗಿವೆ, ಆದರೆ ಜನ ಅಲ್ಲೇ ಜಾಸ್ತಿ. ನಾನು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದೆ. ನೀವೂ ಹಾಗೇ ಮಾಡಿ. ಇಲ್ಲಿನ ನಿಜವಾದ ಪ್ರದರ್ಶನ ಬಯಲಿನಲ್ಲಿದೆ, ಮರಗಳ ನಡುವೆ, ಬಿಳಿ ಜಿಂಕೆಗಳು ಮೇಯುವ ಹುಲ್ಲಿನ ಪಕ್ಕದಲ್ಲಿದೆ.

ರಿಚರ್ಡ್ ಲಾಂಗ್ ಎಂಬ ಕಲಾವಿದರು ಸ್ಲೇಟ್ ಕಲ್ಲಿನ ಚೂರುಗಳನ್ನು ನೆಲದ ಮೇಲೆ ದೊಡ್ಡ ವೃತ್ತವಾಗಿ ಜೋಡಿಸಿದ್ದಾರೆ. ಹೆಸರು ‘ಫುಲ್ ಮೂನ್ ಸರ್ಕಲ್’, 2003ರದ್ದು. ಬಿಸಿಲು ಬಂದು ಹೋದಂತೆಲ್ಲ ಕಲ್ಲಿನ ಬಣ್ಣ ಬೂದಿಯಿಂದ ನೀಲಿಗೆ ತಿರುಗುತ್ತಿತ್ತು. ಕಾವಲಿನವರು ಯಾರೂ ಇಲ್ಲ, ಸುಮ್ನೆ ಸುತ್ತು ಹಾಕುತ್ತಾ ಇದ್ದೆ.

ಆನ್ಯಾ ಗಲಾಚಿಯೋ ಅವರ ಕೆಲಸ ಗಿಡಗಳಲ್ಲೇ ಇದೆ. ತಾಮ್ರದ ಬಣ್ಣದ ಎಲೆಯ ಬೀಚ್ ಗಿಡಗಳನ್ನು ಬೇಲಿಯ ಹಾಗೆ ನೆಟ್ಟಿದ್ದಾರೆ, ಆ ಬೇಲಿ ಬಾಗಿ ಸಾಗುವ ಆಕಾರವೇ ಈ ಮನೆಯ ಹಿಂದಿನ ಒಡತಿ ಸಿಬಿಲ್ ಅವರ ಸಹಿ. ನಡೆಯುವಾಗ ಅಕ್ಷರ ಕಾಣುವುದಿಲ್ಲ, ತಿರುವುಗಳಷ್ಟೇ ಸಿಗುತ್ತವೆ. ಮುಂಬೈನಲ್ಲಿರುವ ನಮ್ಮವರಿಗೆ ಸಸೂನ್ ಡಾಕ್ ಎಂಬ ಹಡಗುಕಟ್ಟೆ ಗೊತ್ತಲ್ವಾ, ಅದನ್ನು ಕಟ್ಟಿಸಿದ ಆಲ್ಬರ್ಟ್ ಸಸೂನ್ ಅವರ ಮೊಮ್ಮಗಳು ಈ ಸಿಬಿಲ್.

ಆ ಬೇಸಿಗೆಯ ಪ್ರದರ್ಶನ ಶಿಲ್ಪಿ ಸ್ಟೀಫನ್ ಕಾಕ್ಸ್ ಅವರದ್ದು. 1986ರಲ್ಲಿ ಮಹಾಬಲಿಪುರಕ್ಕೆ ಬಂದು, ಅಲ್ಲಿನ ದೇವಸ್ಥಾನದ ಶಿಲ್ಪಿಗಳ ಜೊತೆ ಕೆಲಸ ಮಾಡಿ, ಅಲ್ಲೇ ಸ್ಟುಡಿಯೋ ಇಟ್ಟುಕೊಂಡವರು. ನಾರ್ಫಕ್‌ನ ಹಸಿರು ಹುಲ್ಲಿನ ಮೇಲೆ ಕಪ್ಪು ಕಲ್ಲನ್ನು ನೋಡಿದಾಗ ನನಗೆ ನಮ್ಮೂರ ಗರ್ಭಗುಡಿಯ ತಂಪು ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಪ್ರತಿ ಬೇಸಿಗೆಯೂ ಬೇರೆಯವರ ಪ್ರದರ್ಶನ ಇರುತ್ತದೆ, ಅದರ ಹಿಂದಿನ ವರ್ಷ, 2024ರಲ್ಲಿ, ಆಂಟನಿ ಗಾರ್ಮ್ಲಿಯವರ ನೂರು ಕಬ್ಬಿಣದ ಮನುಷ್ಯರು ಇದೇ ಬಯಲಿನಲ್ಲಿ ನಿಂತಿದ್ದರು.

ಒಂದೇ ಒಂದನ್ನು ನೋಡಲು ಸಮಯವಿದ್ದರೆ ಜೇಮ್ಸ್ ಟರೆಲ್ ಅವರ ‘ಸ್ಕೈಸ್ಪೇಸ್’ಗೆ ಹೋಗಿ. ಮರಗಳ ನಡುವೆ ಮರದ ಕೋಣೆ, ಸುತ್ತ ಕೂರುವ ಬೆಂಚು, ಮೇಲೆ ಚೌಕಾಕಾರದ ತೆರಪು. ಅಷ್ಟೇ. ನಾನು ಒಳಗೆ ಹೋದಾಗ ಯಾರೂ ಇರಲಿಲ್ಲ. ತಲೆ ಹಿಂದಕ್ಕೆ ಆನಿಸಿ ಕೂತೆ. ಮೊದಲ ಐದು ನಿಮಿಷ ಏನೂ ಆಗಲಿಲ್ಲ, ಆಮೇಲೆ ಒಂದು ಮೋಡ ಆ ಚೌಕದ ಅಂಚಿಗೆ ಬಂದು ನಿಧಾನಕ್ಕೆ ದಾಟಿತು, ಆಕಾಶ ಎಲ್ಲೋ ಮೇಲಿಲ್ಲ, ಕೋಣೆಯ ಸೂರಿಗೇ ಅಂಟಿಕೊಂಡಿದೆ ಅನ್ನಿಸಿತು. ಮುಕ್ಕಾಲು ಗಂಟೆ ಅಲ್ಲೇ ಇದ್ದೆ. ಯಾರಾದರೂ ಮಾತಾಡುತ್ತಾ ಒಳಗೆ ಬಂದರೆ ಎದ್ದು ಹೊರಗೆ ಹೋಗಿ ಕಾಯಿರಿ, ಖಾಲಿಯಾದ ಮೇಲೆ ಮತ್ತೆ ಬನ್ನಿ. ಗೋಡೆ ಕಟ್ಟಿದ ತೋಟದೊಳಗೆ ನೀರಿನ ಚಿಲುಮೆಯ ತುದಿಯಲ್ಲಿ ಬೆಂಕಿ ಉರಿಯುವ ಯೆಪ್ಪೆ ಹೈನ್ ಅವರ ಕೆಲಸವನ್ನೂ ಬಿಡಬೇಡಿ.

ವಾಪಸ್ ಬರಲು ಹೇಳಿದ್ದ ಟ್ಯಾಕ್ಸಿ ಬರಲೇ ಇಲ್ಲ. ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಗೇಟಿನ ಹೊರಗೆ ಬಿಳಿ ಮನೆಗಳ ಸಾಲೊಂದಿದೆ, ವಾಲ್ಪೋಲ್ ತನ್ನ ಉದ್ಯಾನಕ್ಕಾಗಿ ಇಡೀ ಹಳ್ಳಿಯನ್ನೇ ಕೀಳಿಸಿ ಅಲ್ಲಿಗೆ ಸಾಗಿಸಿದ್ದ. ಆ ಮನೆಗಳ ಮುಂದೆ ಒಂದೂಕಾಲು ಗಂಟೆ ನಿಂತೆ. ಕೊನೆಗೆ ಪ್ರದರ್ಶನ ನೋಡಿ ಹೊರಟಿದ್ದ ವಯಸ್ಸಾದ ದಂಪತಿ ಕಾರು ನಿಲ್ಲಿಸಿ ಊರಿನವರೆಗೆ ಬಿಟ್ಟರು. ಬೆಳಿಗ್ಗೆ ಇಳಿಯುವಾಗಲೇ ಡ್ರೈವರ್ ಕೈಗೆ ಸಮಯ ಬರೆದು ಕೊಡಿ, ಇನ್ನೊಂದು ಕಂಪನಿಯ ನಂಬರೂ ಇಟ್ಟುಕೊಳ್ಳಿ.

ರಾತ್ರಿ ಕಿಂಗ್ಸ್ ಲಿನ್‌ನಲ್ಲೇ ಉಳಿದೆ. ರೂಮಿಗೆ 95 ಪೌಂಡ್, ಕಾರ್ಪೆಟ್ ಪೂರ್ತಿ ತೇವದ ವಾಸನೆ. ಅಷ್ಟು ಕೊಡಬೇಡಿ, ಕೇಂಬ್ರಿಡ್ಜ್‌ಗೇ ಹಿಂತಿರುಗಿ.

ಆದರೆ ಮಾರನೇ ದಿನ ಟ್ಯೂಸ್‌ಡೇ ಮಾರ್ಕೆಟ್ ಪ್ಲೇಸ್‌ನಿಂದ ಎರಡು ಬೀದಿ ಆಚೆ ಆರು ಮೇಜಿನ ಪುಟ್ಟ ಹೋಟೆಲ್ ಸಿಕ್ಕಿತು. ಒಲೆಯಲ್ಲಿ ಸುಟ್ಟ ದೊಡ್ಡ ಆಲೂಗಡ್ಡೆ, ಸಿಪ್ಪೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ, ಮೇಲೆ ಬೀನ್ಸ್ ಮತ್ತು ಚೀಸ್, ಪಕ್ಕದಲ್ಲಿ ದೊಡ್ಡ ಮಗ್ಗಿನ ತುಂಬ ಕಡಕ್ ಚಹಾ, ಎಲ್ಲ ಸೇರಿ ಏಳು ಪೌಂಡಿಗೂ ಕಡಿಮೆ. ನಾನು ಸಸ್ಯಾಹಾರಿ ಎಂದ ಕೂಡಲೇ ಅಲ್ಲಿನ ಅಮ್ಮ ಬೇರೆ ಚಮಚ ತೆಗೆದುಕೊಂಡರು, ಕೇಳದೆಯೇ ಎರಡನೇ ಸಲ ಚಹಾ ತುಂಬಿದರು. ಇಂಗ್ಲೆಂಡಿನಲ್ಲಿ ಕೆಲವು ಅಂಗಡಿಗಳು ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ಆದ್ದರಿಂದ ಸಸ್ಯಾಹಾರಿಗಳು ಎಲ್ಲೇ ಹೋದರೂ ಎಣ್ಣೆ ಯಾವುದು ಎಂದು ಕೇಳಿ. ಈ ಹೋಟೆಲ್‌ನಲ್ಲಿ ಕೇಳುವ ಮೊದಲೇ ಅವರೇ ಹೇಳಿದರು. ಮೂರು ಗಂಟೆಗೆ ಬಾಗಿಲು ಹಾಕುತ್ತಾರೆ, ಅದಕ್ಕೆ ಮೊದಲು ಹೋಗಿ.