ನಲವತ್ತು ಎಂದು ಬರೆದದ್ದು ಒಂಬತ್ತಾಗಿತ್ತು

ನಾಲ್ಕು ವರ್ಷಗಳ ಪೆಥಾಲಜಿ ರೆಸಿಡೆನ್ಸಿ ಮುಗಿಸಿ ಡಿಎನ್‌ಎಯಂಥ ಅಣುಗಳನ್ನು ಓದಿ ರೋಗ ಗುರುತಿಸುವ ಮಾಲಿಕ್ಯುಲರ್ ಜೆನೆಟಿಕ್ ಪೆಥಾಲಜಿಯ ಫೆಲೋಶಿಪ್‌ಗೆ ಸೇರಿದಾಗ, ಸೂಕ್ಷ್ಮದರ್ಶಕದ ಮುಂದೆ ಕತ್ತು ಬಗ್ಗಿಸಿ ಕೂರುವ ಕಾಲ ಕಳೆಯಿತು ಎಂದೇ ನಾನು ಭಾವಿಸಿದ್ದೆ. ಅಮೆರಿಕದಲ್ಲಿ ಈ ತರಬೇತಿ ಒಂದು ವರ್ಷದ್ದು. ಪೆಥಾಲಜಿ ಕಲಿತವರೂ ವೈದ್ಯಕೀಯ ತಳಿವಿಜ್ಞಾನ ಕಲಿತವರೂ ಇದಕ್ಕೆ ಬರುತ್ತಾರೆ. ಕೊನೆಗೆ ಬರೆಯುವ ಪರೀಕ್ಷೆ ಆ ಎರಡೂ ಶಾಖೆಗಳ ಮಂಡಳಿಗಳಿಗೆ ಸೇರಿದ್ದು. ಆ ಒಂದೇ ವರ್ಷದೊಳಗೆ ರಕ್ತದ ಕ್ಯಾನ್ಸರ್, ಘನ ಗಡ್ಡೆಗಳು, ಆನುವಂಶಿಕ ಕಾಯಿಲೆಗಳು, ವೈರಾಣುಗಳ ಪತ್ತೆ, ಅಸ್ಥಿಮಜ್ಜೆ ಕಸಿಯಾದ ಮೇಲೆ ದಾನಿಯ ಕೋಶಗಳೆಷ್ಟು ಉಳಿದಿವೆ ಎಂಬ ಲೆಕ್ಕ, ಇವೆಲ್ಲವನ್ನೂ ಸುತ್ತಿ ಬರಬೇಕು. ನಾನು ಹೇಳಹೊರಟಿರುವುದು ಘನ ಗಡ್ಡೆಗಳ ಸರದಿಯಲ್ಲಿದ್ದಾಗಿನ ಒಂದು ಬೆಳಗಿನ ಮಾತು.

ಮಾದರಿ ಶ್ವಾಸಕೋಶದ ಅಡೆನೊಕಾರ್ಸಿನೋಮ, ಅಂದರೆ ಗ್ರಂಥಿಗಳಂತೆ ಬೆಳೆಯುವ ಬಗೆಯ ಕ್ಯಾನ್ಸರ್. ಸೂಜಿಯಿಂದ ತೆಗೆದ, ದಾರದ ಎಳೆಯಷ್ಟು ತೆಳುವಾದ ಬಯಾಪ್ಸಿ. ಡಿಎನ್‌ಎ ತೆಗೆಯುವ ಮೊದಲು ಯಾರಾದರೊಬ್ಬ ವೈದ್ಯರು ಸ್ಲೈಡ್ ನೋಡಿ, ಗಡ್ಡೆಯಿರುವ ಜಾಗಕ್ಕೆ ಪೆನ್ನಿನಿಂದ ಗೆರೆ ಸುತ್ತಿ, ಅದರೊಳಗೆ ಗಡ್ಡೆಯ ಪಾಲು ಶೇಕಡ ಎಷ್ಟು ಎಂದು ಬರೆಯಬೇಕು. ಆ ವಾರ ಅದು ನನ್ನ ಕೆಲಸವಾಗಿತ್ತು. ನಾನು ಅರ್ಧ ನಿಮಿಷ ನೋಡಿ ‘40’ ಎಂದು ಬರೆದಿದ್ದೆ. ಪಕ್ಕದ ತಟ್ಟೆಯಲ್ಲಿ ಇನ್ನೂ ಹದಿನೈದು ಸ್ಲೈಡುಗಳು ಕಾಯುತ್ತಿದ್ದವು.

ಎಂಟನೆಯ ಕೆಲಸದ ದಿನ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಓದುವ ಪರೀಕ್ಷೆಯ ಫಲಿತಾಂಶ ಬಂತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ವರದಿಯನ್ನು ಹತ್ತು ಕೆಲಸದ ದಿನಗಳೊಳಗೆ ಕೊಡಬೇಕೆಂಬ ಮಾರ್ಗಸೂಚಿಯಿದೆ. ಹಾಗಾಗಿ ಎಂಟನೆಯ ದಿನ ಯಾರಿಗೂ ವ್ಯವಧಾನವಿರುವುದಿಲ್ಲ. ಸಾಫ್ಟ್‌ವೇರ್ ಕೊಟ್ಟ ರೂಪಾಂತರಗಳ ಪಟ್ಟಿಯಲ್ಲಿ, ಬದಲಾಗಿದ್ದರೆ ಚಿಕಿತ್ಸೆಯ ದಾರಿಯನ್ನೇ ತಿರುಗಿಸುವ ಇಜಿಎಫ್‌ಆರ್ ಜೀನಿನ ಹೆಸರೇ ಇರಲಿಲ್ಲ. ‘ಇಜಿಎಫ್‌ಆರ್: ರೂಪಾಂತರ ಕಂಡುಬಂದಿಲ್ಲ’ ಎಂದು ಕರಡು ಸಿದ್ಧಪಡಿಸಿ, ಸಹಿ ಹಾಕಬೇಕಾದ ನಮ್ಮ ಹಿರಿಯ ವೈದ್ಯೆಯ ಮುಂದೆ ಕುಳಿತೆ.

ಅವರು ಕರಡನ್ನು ಓದಲಿಲ್ಲ. “ಸ್ಲೈಡ್ ಎಲ್ಲಿ?” ಎಂದರು.

ಅದು ಕಡತದ ಕೋಣೆಗೆ ಹೋಗಿತ್ತು. ತರಿಸಿಕೊಂಡು, ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕದಲ್ಲಿ ಇಟ್ಟರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ರಕ್ತಕಣಗಳನ್ನು ಎಣಿಸಲು ಬಳಸುವ ಕೀಲಿಗಳ ಯಂತ್ರವನ್ನು ನನ್ನ ಕಡೆ ಸರಿಸಿ, “ಮುನ್ನೂರು ಕೋಶಕೇಂದ್ರಗಳನ್ನು ಎಣಿಸಿ. ಗಡ್ಡೆಯವಕ್ಕೆ ಒಂದು ಕೀಲಿ, ಉಳಿದವಕ್ಕೆಲ್ಲ ಇನ್ನೊಂದು,” ಎಂದರು. ತರಬೇತಿಯ ಐದನೆಯ ವರ್ಷದಲ್ಲಿರುವವನಿಗೆ ಇದೆಂಥ ಶಿಕ್ಷೆ ಎಂದು ಒಳಗೊಳಗೇ ಮುನಿಸಿಕೊಂಡೇ ಎಣಿಸತೊಡಗಿದೆ. ಮುನ್ನೂರರಲ್ಲಿ ಗಡ್ಡೆಯವು ಇಪ್ಪತ್ತೇಳು. ಅಂದರೆ ಶೇಕಡ 9.

ಎಲ್ಲಿ ಎಡವಿದ್ದೆನೆಂಬುದು ಎಣಿಸುವಾಗಲೇ ಹೊಳೆದಿತ್ತು. ಗಡ್ಡೆಯ ಕೋಶಗಳು ದೊಡ್ಡವು, ವಿಶಾಲವಾಗಿ ಹರಡಿಕೊಂಡವು. ಸ್ಲೈಡಿನ ಜಾಗದಲ್ಲಿ ಅವುಗಳ ಪಾಲು ನಿಜಕ್ಕೂ ನಲವತ್ತರ ಆಸುಪಾಸಿನಲ್ಲಿತ್ತು. ಆದರೆ ಅವುಗಳ ಸುತ್ತ ಲಿಂಫೋಸೈಟ್‌ಗಳೆಂಬ ಪುಟ್ಟ ಬಿಳಿ ರಕ್ತಕಣಗಳು ಸಾಸಿವೆ ಚೆಲ್ಲಿದಂತೆ ಒತ್ತೊತ್ತಾಗಿ ತುಂಬಿಕೊಂಡಿದ್ದವು. ಒಂದೊಂದು ಲಿಂಫೋಸೈಟೂ, ಅದೆಷ್ಟೇ ಚಿಕ್ಕದಾಗಿರಲಿ, ಪೂರ್ಣ ಪ್ರಮಾಣದ ಡಿಎನ್‌ಎಯನ್ನೇ, ಅಂದರೆ ಸುಮಾರು 6.6 ಪಿಕೋಗ್ರಾಂನಷ್ಟನ್ನು, ಹೊತ್ತಿರುತ್ತದೆ. ಕೊಳವೆಯೊಳಗೆ ಹೋಗುವುದು ಕೋಶಕೇಂದ್ರಗಳೇ ಹೊರತು ಕೋಶ ಆವರಿಸಿದ ಜಾಗವಲ್ಲ. ನಾನು ಜಾಗವನ್ನು ಅಳೆದಿದ್ದೆ.

ಈ ತಪ್ಪಿನಿಂದ ಏನಾಗುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಡ್ಡೆಯ ಕೋಶದಲ್ಲಿ ಜೀನಿನ ಎರಡು ಪ್ರತಿಗಳ ಪೈಕಿ ಒಂದು ಮಾತ್ರ ಬದಲಾಗಿದ್ದರೆ, ಮಾದರಿಯಲ್ಲಿ ಬದಲಾದ ಪ್ರತಿಗಳ ಪಾಲು ಗಡ್ಡೆಯ ಪಾಲಿನ ಅರ್ಧದಷ್ಟಿರುತ್ತದೆ. ಗಡ್ಡೆ ಶೇಕಡ 40 ಇದ್ದರೆ ರೂಪಾಂತರ ಶೇಕಡ 20ರಷ್ಟು ಕಾಣಬೇಕು. ಕಾಣದಿದ್ದರೆ ‘ಇಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಗಡ್ಡೆ ಶೇಕಡ 9 ಇದ್ದರೆ ನಿರೀಕ್ಷೆ ನಾಲ್ಕೂವರೆ. ನಮ್ಮ ಸಾಫ್ಟ್‌ವೇರ್ ಶೇಕಡ 5ಕ್ಕಿಂತ ಕಡಿಮೆಯಿದ್ದುದನ್ನು ಪಟ್ಟಿಗೇ ತರುತ್ತಿರಲಿಲ್ಲ. ಅದು ವಿನಾಕಾರಣ ಇಟ್ಟ ಮಿತಿಯಲ್ಲ. ಕೊಳೆಯದಿರಲೆಂದು ಫಾರ್ಮಲಿನ್‌ನಲ್ಲಿ ನೆನೆಸಿಟ್ಟ ಅಂಗಾಂಶದಲ್ಲಿ, ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೊಸಿನ್ ಕೆಟ್ಟು ಇನ್ನೊಂದಕ್ಷರವಾದ ಥೈಮಿನ್‌ನಂತೆ ಓದಿಸಿಕೊಳ್ಳುವುದು ಸಾಮಾನ್ಯ. ಇಂಥ ಸುಳ್ಳು ಬದಲಾವಣೆಗಳ ಗದ್ದಲವನ್ನು ತಡೆಯಲೆಂದೇ ಆ ಬೇಲಿ.

ಸಾಫ್ಟ್‌ವೇರ್ ತೋರಿಸದಿದ್ದರೆ ನಾವೇ ನೋಡಬೇಕಷ್ಟೆ. ಕಚ್ಚಾ ದತ್ತಾಂಶವನ್ನು ತೆರೆದು ಇಜಿಎಫ್‌ಆರ್‌ನ 19ನೆಯ ಎಕ್ಸಾನ್‌ಗೆ, ಅಂದರೆ ಪ್ರೋಟೀನಿನ ಸಂಕೇತ ಹೊತ್ತ ಜೀನಿನ ಒಂದು ತುಂಡಿಗೆ, ಹೋದೆವು. ಪರದೆಯ ತುಂಬ ಒಂದರ ಕೆಳಗೊಂದು ಬೂದು ಪಟ್ಟಿಗಳು. ಒಂದೊಂದು ಪಟ್ಟಿಯೂ ಯಂತ್ರ ಓದಿದ ಡಿಎನ್‌ಎಯ ಒಂದು ತುಣುಕು. ಕೆಳಕ್ಕೆ ಸರಿಸುತ್ತ ಹೋದಂತೆ, ಅಲ್ಲೊಂದು ಇಲ್ಲೊಂದು ಪಟ್ಟಿ ನಡುವೆ ತುಂಡಾಗಿ, ಆ ಜಾಗದಲ್ಲಿ ಸಣ್ಣ ಕಪ್ಪು ಗೆರೆ ಕಾಣಿಸಿತು. 842 ತುಣುಕುಗಳಲ್ಲಿ 31. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಆರಂಭವಾಗಿ ಒಂದೇ ಜಾಗದಲ್ಲಿ ಮುಗಿಯುವ, 15 ಅಕ್ಷರಗಳ ಲೋಪ. ಪ್ರೋಟೀನಿನಿಂದ ಐದು ಅಮೈನೊ ಆಮ್ಲಗಳು ಮಾಯ. ಫಾರ್ಮಲಿನ್ ಒಂದಕ್ಷರವನ್ನು ಕೆಡಿಸೀತು. 31 ಬಾರಿ ಒಂದೇ ಅಳತೆಯಲ್ಲಿ ಕತ್ತರಿಸಲಾರದು.

“ಹಾಗಾದರೆ ಇದು ನಿಜವೇ?” ಎಂದೆ. “ನಿಜವೇ ಇರಬಹುದು. ಆದರೆ ಇದೇ ರೋಗಿಯದೇ?” ಎಂದರು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಯಂತ್ರದಲ್ಲಿ ಒಟ್ಟಿಗೆ ಓಡಿಸಿದ ಅದೇ ತಂಡದ ಬೇರೊಂದು ಮಾದರಿಯಿಂದ ಒಂದು ಹನಿ ಇತ್ತ ಸಿಡಿದಿದ್ದರೂ ಹೀಗೆಯೇ ಕಾಣುತ್ತದೆ. ತಂಡದ ಪಟ್ಟಿಯನ್ನು ತೆಗೆದು ನೋಡಿದರೆ, 19ನೆಯ ಎಕ್ಸಾನ್‌ನಲ್ಲಿ ಲೋಪವಿರುವ ಇನ್ನೊಂದು ಮಾದರಿ ಇದ್ದೇ ಇತ್ತು. ನನ್ನ ಎದೆ ಧಸಕ್ಕೆಂದಿತು. ಬಿಡಿಸಿ ನೋಡಿದಾಗ ಅದು 18 ಅಕ್ಷರಗಳ ಲೋಪ, ಆರಂಭದ ಸ್ಥಾನವೂ ಬೇರೆ. ನಮ್ಮದು ಅಲ್ಲಿಂದ ಬಂದುದಲ್ಲ.

ಉಳಿದಿದ್ದ ಡಿಎನ್‌ಎಯಲ್ಲೇ ಮಧ್ಯಾಹ್ನ ಇನ್ನೊಂದು ಹಳೆಯ, ಸರಳ ಪರೀಕ್ಷೆ ಮಾಡಿಸಿದೆವು: ಆ ಎಕ್ಸಾನ್ ಅನ್ನು ಪಿಸಿಆರ್ ಎಂಬ ವಿಧಾನದಿಂದ ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸಿ, ತುಣುಕುಗಳ ಉದ್ದವನ್ನಷ್ಟೇ ಅಳೆಯುವುದು. ಸಂಜೆ ಬಂದ ಚಿತ್ರದಲ್ಲಿ ಸಹಜ ಉದ್ದದ ತುಣುಕುಗಳ ಗೋಪುರದಂತಹ ಶಿಖರ. ಅದರ ಎಡಕ್ಕೆ, ಸರಿಯಾಗಿ 15 ಅಕ್ಷರಗಳ ದೂರದಲ್ಲಿ, ಇರುವೆಯ ಹುತ್ತದಷ್ಟು ಸಣ್ಣ ದಿಬ್ಬ.

ಅಷ್ಟರಲ್ಲಿ ಮಾಡಬೇಕಿದ್ದ ಬಹುಮುಖ್ಯ ಕೆಲಸ ಫೋನಿನದಾಗಿತ್ತು. ಕ್ಯಾನ್ಸರ್ ವೈದ್ಯರು ಮರುದಿನವೇ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ, ಆರಂಭಿಸಲು ಸಿದ್ಧರಾಗಿದ್ದರು. ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಡಬೇಕಾಗಿ ಬಂದರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚು. ಇಜಿಎಫ್‌ಆರ್ ಲೋಪವಿರುವ ಗಡ್ಡೆಗೆ ಮೊದಲು ಕೊಡಬೇಕಾದ ಮಾತ್ರೆ ಒಸಿಮರ್ಟಿನಿಬ್. ಇಂಥ ರೂಪಾಂತರವಿದ್ದವರಿಗೆ ಇಜಿಎಫ್‌ಆರ್ ತಡೆಯುವ ಮಾತ್ರೆಗಳು ಫಲಿಸುತ್ತವೆ ಎಂಬುದು 2004ರಲ್ಲೇ ಹೊರಬಿದ್ದ ಸಂಗತಿ. “ವರದಿ ಇನ್ನೂ ಸಿದ್ಧವಾಗಿಲ್ಲ, ಆದರೆ ದಯವಿಟ್ಟು ಎರಡು ದಿನ ತಡೆಯಿರಿ,” ಎಂದು ಹೇಳಲು ಹಿರಿಯರು ನನ್ನ ಕೈಗೇ ಫೋನ್ ಕೊಟ್ಟರು. ಕಾರಣ ಕೇಳಿದಾಗ ಗಡ್ಡೆಯ ಪಾಲನ್ನು ನಾನೇ ತಪ್ಪಾಗಿ ಅಂದಾಜಿಸಿದ್ದೆನೆಂದು ಹೇಳಬೇಕಾಯಿತು. ಅತ್ತಲಿಂದ ಒಂದು ಕ್ಷಣ ಮೌನ; ಆಮೇಲೆ, “ಸರಿ, ಶುಕ್ರವಾರದವರೆಗೆ ಕಾಯುತ್ತೇನೆ,” ಎಂಬ ಉತ್ತರ.

ಮರುದಿನ ಬೆಳಿಗ್ಗೆ ಬಣ್ಣ ಹಾಕದ ಹೊಸ ಸ್ಲೈಡುಗಳ ಮೇಲೆ ಗೆರೆಯನ್ನು ಮತ್ತೆ ಎಳೆದೆ. ಈ ಸಲ ವೃತ್ತ ಬಹಳ ಚಿಕ್ಕದು. ಲಿಂಫೋಸೈಟ್‌ಗಳ ಗುಂಪನ್ನು ಹೊರಗಿಟ್ಟು, ಅಂಚಿನಲ್ಲಿದ್ದ ಗಡ್ಡೆಯ ಗ್ರಂಥಿಗಳನ್ನಷ್ಟೇ ಒಳಗಿಟ್ಟುಕೊಂಡದ್ದು. ಎಣಿಸಿದರೆ ಶೇಕಡ 30. ತಂತ್ರಜ್ಞೆ ಸ್ಲೈಡಿನ ಹಿಂಬದಿಯ ಗೆರೆಯನ್ನು ನೋಡುತ್ತ, ಬ್ಲೇಡಿನ ತುದಿಯಿಂದ ಅಷ್ಟನ್ನೇ ಕೆರೆದು ಕೊಳವೆಗೆ ಸೇರಿಸಿದರು. ಇಷ್ಟು ಕಡಿಮೆ ಅಂಗಾಂಶದಿಂದ ಸಾಕಷ್ಟು ಡಿಎನ್‌ಎ ಸಿಗುವುದೇ ಎಂಬ ಆತಂಕವಿತ್ತು. ಉದ್ದ ಅಳೆಯುವ ಪರೀಕ್ಷೆಗೆ ಸಾಕಾಗುವಷ್ಟು ಸಿಕ್ಕಿತು. ಹತ್ತನೆಯ ದಿನ ಬಂದ ಚಿತ್ರದಲ್ಲಿ ಎಡಗಡೆಯ ದಿಬ್ಬ ಶಿಖರವಾಗಿತ್ತು. ಬದಲಾದ ಪ್ರತಿಗಳ ಪಾಲು ಶೇಕಡ 13.

ವರದಿಗೆ ಅಂದು ಮಧ್ಯಾಹ್ನ ಸಹಿಯಾಯಿತು. ಆ ವ್ಯವಸ್ಥೆ ಹಳೆಯ ಕರಡುಗಳನ್ನು ಅಳಿಸುವುದಿಲ್ಲ. ‘ಗಡ್ಡೆಯ ಪಾಲು 40, ಇಜಿಎಫ್‌ಆರ್: ರೂಪಾಂತರ ಕಂಡುಬಂದಿಲ್ಲ’ ಎಂಬ ಮೊದಲ ಆವೃತ್ತಿ ನನ್ನ ಹೆಸರಿನ ಕೆಳಗೆ ಈಗಲೂ ಅಲ್ಲಿಯೇ ಇದೆ.