ಶಾಲೆಯ ಹೆಸರಿನ ಹಿಂದಿದ್ದ ಆಂಡಿ

ಸಂಚಿಕೆಗೆ ಹಳೆಯ ವಿದ್ಯಾರ್ಥಿಯ ನೆನಪು ಬರೆದುಕೊಡಿ ಅಂತ ಕೇಳಿದಿರಿ. ಆರನೇ ಕ್ಲಾಸಿನ ತನಕ ನಾನು ನಮ್ಮೂರ ಈ ಶಾಲೆಯಲ್ಲೇ ಓದಿದವನು. ಆಮೇಲೆ ಅಪ್ಪನಿಗೆ ಕೆನಡಾದ ವಿನಿಪೆಗ್‌ನಲ್ಲಿ ಕೆಲಸ ಸಿಕ್ಕಿತು. ನನ್ನನ್ನು ಸೇರಿಸಿದ್ದು ಆಂಡ್ರ್ಯೂ ಮಿನಾರ್ಸ್ಕಿ ವಿ.ಸಿ. ಶಾಲೆಗೆ. ವಿ.ಸಿ. ಅಂದ್ರೆ ವಿಕ್ಟೋರಿಯಾ ಕ್ರಾಸ್, ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕ. ಇಲ್ಲಿನ ಮೇಷ್ಟ್ರುಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಹೆಸರಿನ ಮನುಷ್ಯನ ಬಗ್ಗೆ ಬರೆಯುತ್ತೇನೆ.

ಶಾಲೆಗೆ ಮಂತ್ರಿಗಳದ್ದೋ ದಾನಿಗಳದ್ದೋ ಹೆಸರಿಡುವುದು ಮಾಮೂಲು. ಇವನು ತುಪ್ಪಳ, ಚರ್ಮ ಕತ್ತರಿಸುವ ಕೆಲಸಗಾರ. 1916ರಲ್ಲಿ ವಿನಿಪೆಗ್‌ನಲ್ಲೇ ಹುಟ್ಟಿದ, ಪೋಲೆಂಡಿನಿಂದ ವಲಸೆ ಬಂದವರ ಮಗ. ಹದಿನಾರಕ್ಕೆ ಅಪ್ಪ ತೀರಿಕೊಂಡಾಗ ಮನೆ ನಡೆಸೋಕೆ ದುಡಿಮೆಗೆ ಇಳಿದ. ಎರಡನೇ ಮಹಾಯುದ್ಧದ ಹೊತ್ತು, 1941ರಲ್ಲಿ ಕೆನಡಾದ ವಾಯುಪಡೆ ಸೇರಿ ಗನ್ನರ್, ಅಂದ್ರೆ ವಿಮಾನದಲ್ಲಿ ಬಂದೂಕು ನಡೆಸುವವನು ಆದ, ಆಮೇಲೆ ಇಂಗ್ಲೆಂಡಿನ ಮಿಡ್ಲ್‌ಟನ್ ಸೇಂಟ್ ಜಾರ್ಜ್‌ನಲ್ಲಿದ್ದ 419ನೇ ಸ್ಕ್ವಾಡ್ರನ್‌ಗೆ ಬಂದ. ಜೊತೆಯವರಿಗೆಲ್ಲ ಅವನು ಆಂಡಿ.

ಲಂಕಾಸ್ಟರ್ ಬಾಂಬರ್ ಅಂದ್ರೆ ಬಾಂಬ್ ಹಾಕುವ ವಿಮಾನ, ಅದರಲ್ಲಿ ಏಳು ಜನ. ಆಂಡಿ ವಿಮಾನದ ಬೆನ್ನ ಮೇಲಿನ ಗೋಪುರದಲ್ಲಿ, ಅಂದ್ರೆ ಬಂದೂಕು ಕೂರಿಸಿದ ತಿರುಗುವ ಗೂಡಿನಲ್ಲಿ, ಅವನ ಗೆಳೆಯ ಪ್ಯಾಟ್ ಬ್ರೋಫಿ ಬಾಲದ ತುದಿಯ ಅಂಥದ್ದೇ ಗೋಪುರದಲ್ಲಿ. ಬ್ರೋಫಿ ಆಫೀಸರ್, ಆಂಡಿ ಅಲ್ಲ. ಹಾಗಾಗಿ ಇಬ್ಬರ ಮಲಗುವ ಜಾಗ ಬೇರೆ ಬೇರೆ. ಪೇಟೆ ಸುತ್ತಿ ರಾತ್ರಿ ವಾಪಸ್ ಬಂದು ಬೇರೆಯಾಗುವಾಗ ಆಂಡಿ ಬೇಕಂತಲೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು 'ಗುಡ್ ನೈಟ್, ಸರ್' ಅನ್ನುತ್ತಿದ್ದನಂತೆ. ಸುಮ್ನೆ ತಮಾಷೆಗೆ.

1944ರ ಜೂನ್ 12ರ ರಾತ್ರಿ ಅವರಿಗೆ ಹದಿಮೂರನೇ ದಾಳಿ. ಫ್ರಾನ್ಸಿನ ಕಾಂಬ್ರೇ ರೈಲ್ವೆ ಯಾರ್ಡ್ ಮೇಲೆ ಬಾಂಬ್ ಹಾಕಬೇಕಿತ್ತು. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಇನ್ನೂ ಒಂದು ವಾರವೂ ಆಗಿರಲಿಲ್ಲ, ಜರ್ಮನ್ನರ ರೈಲುಗಳನ್ನು ತಡೆಯಬೇಕಿತ್ತು. ಹೊರಡುವ ಮುಂಚೆ ಹುಲ್ಲಲ್ಲಿ ಕೂತಿದ್ದಾಗ ಆಂಡಿಗೆ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು. ಅಲ್ಲಿಯವರಿಗೆ ಅದು ಅದೃಷ್ಟದ ಗುರುತು. ತಾನು ಇಟ್ಟುಕೊಳ್ಳದೆ ಬ್ರೋಫಿಗೆ ಕೊಟ್ಟುಬಿಟ್ಟ.

ನಡುರಾತ್ರಿ ದಾಟಿದ ಮೇಲೆ ಜರ್ಮನ್ ಯುದ್ಧವಿಮಾನವೊಂದು ಕೆಳಗಿನಿಂದ ಬಂದು ಗುಂಡಿನ ಮಳೆ ಸುರಿಸಿತು. ಎಡಗಡೆಯ ಎರಡೂ ಎಂಜಿನ್ ಹೋದವು. ಆಂಡಿ ಮತ್ತು ಬ್ರೋಫಿ ನಡುವೆ ವಿಮಾನದ ಒಡಲಿಗೇ ಬೆಂಕಿ ಬಿತ್ತು. ಎಲ್ಲರೂ ಹಾರಿ ಅಂತ ಪೈಲಟ್ ಆರ್ಟ್ ಡಿ ಬ್ರೇನ್ ಸೂಚನೆ ಕೊಟ್ಟ. ಬಾಲದ ಗೋಪುರ ಎಂಜಿನ್ ಒದಗಿಸುವ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಶಕ್ತಿಯಿಂದ ತಿರುಗುವಂಥದ್ದು, ಎಂಜಿನ್ ಹೋದದ್ದರಿಂದ ಅದು ಅರ್ಧಕ್ಕೇ ನಿಂತು ಬ್ರೋಫಿ ಸಿಕ್ಕಿಹಾಕಿಕೊಂಡ. ಕೈಯಿಂದ ತಿರುಗಿಸೋಣ ಅಂದ್ರೆ ಹಿಡಿಕೆ ಮುರಿದು ಕೈಗೆ ಬಂತು.

ಆಂಡಿ ಹಾರುವ ಬಾಗಿಲ ಹತ್ತಿರ ಬಂದಾಗಿತ್ತು. ಅಲ್ಲಿಂದ ತಿರುಗಿ ನೋಡಿದ. ನೋಡಿದವನು ಹಾರಲಿಲ್ಲ, ಬೆಂಕಿಯೊಳಗೇ ತೆವಳಿಕೊಂಡು ಬಾಲದ ಕಡೆ ಹೋದ. ಕೊಡಲಿಯಿಂದ ಬಡಿದ, ಬರಿಗೈಯಲ್ಲಿ ಎಳೆದ. ಸೊಂಟದಿಂದ ಕೆಳಗೆ ಬಟ್ಟೆ ಹೊತ್ತಿ ಉರಿಯುತ್ತಿತ್ತು. ಹೋಗು, ಹೋಗು ಅಂತ ಬ್ರೋಫಿ ಕೈ ಬೀಸಿದ. ತಿರುಗೋಕೂ ಜಾಗವಿಲ್ಲದ ಆ ಸಂದಿಯಲ್ಲಿ ಆಂಡಿ ಗೆಳೆಯನ ಮುಖವನ್ನೇ ನೋಡುತ್ತಾ ಹಿಂದಹಿಂದಕ್ಕೆ ಉರಿಯ ನಡುವೆ ತೆವಳಿದ, ಬಾಗಿಲ ಬಳಿ ನೆಟ್ಟಗೆ ನಿಂತ, ಸೆಲ್ಯೂಟ್ ಮಾಡಿದ. ಏನೋ ಅಂದ. ಗದ್ದಲದಲ್ಲಿ ಕೇಳಿಸಲಿಲ್ಲ, ಆದರೆ ಏನಂದ ಅಂತ ಬ್ರೋಫಿಗೆ ಗೊತ್ತಿತ್ತು.

ಪ್ಯಾರಾಚೂಟಿಗೂ ಬೆಂಕಿ ತಗುಲಿತ್ತು. ಕೆಳಗೆ ಬಿದ್ದವನನ್ನು ಫ್ರೆಂಚರು ಕಂಡು ಎತ್ತಿಕೊಂಡು ಹೋದರೂ ಸುಟ್ಟ ಗಾಯಗಳಿಂದ ಉಳಿಯಲಿಲ್ಲ. 27 ವರ್ಷ. ಮೇಹರಿಕೂರ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಅವನ ಸಮಾಧಿ ಇದೆ.

ಬಾಂಬುಗಳನ್ನು ಹೊತ್ತೇ ವಿಮಾನ ನೆಲಕ್ಕೆ ಅಪ್ಪಳಿಸಿತು. ರೆಕ್ಕೆ ಮರಕ್ಕೆ ಬಡಿದ ಹೊಡೆತಕ್ಕೆ ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿಕೊಂಡ! ಉಳಿದ ಐವರೂ ಬದುಕಿದರು. ನನ್ನನ್ನು ಕಾಡುವುದು ಇದೇ. ಆಂಡಿಯ ಪ್ರಯತ್ನದಿಂದ ಆ ಗೋಪುರ ಒಂದಿಂಚೂ ಅಲುಗಲಿಲ್ಲ. ಹೋಗದೇ ಇದ್ದಿದ್ದರೆ ಪ್ರಾಯಶಃ ಏಳೂ ಜನ ಮನೆಗೆ ಬರುತ್ತಿದ್ದರು. ಆದರೆ ಆ ಗಳಿಗೆಯಲ್ಲಿ ಅದು ಯಾರಿಗೆ ಗೊತ್ತಿತ್ತು, ಅಲ್ವಾ? ನೋಡಿದವನು ಬ್ರೋಫಿ ಒಬ್ಬನೇ, ಅವನೂ ಸತ್ತಿದ್ದರೆ ಈ ಕಥೆಯೇ ಇಲ್ಲ. ಫ್ರೆಂಚರು ಅವನನ್ನು ಬಚ್ಚಿಟ್ಟು ಕಾಪಾಡಿದರು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ತಲುಪಿದ ಮೇಲೆಯೇ ಆಂಡಿ ಇಲ್ಲ ಅನ್ನೋದು ಅವನಿಗೆ ತಿಳಿದಿದ್ದು. ಅವನು ಹೇಳಿದ್ದರಿಂದ 1946ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು.

ಬಾಂಬರ್‌ಗಳ ಮೇಲೆ ನನಗೇನೂ ಮೋಹವಿಲ್ಲ, ಜರ್ಮನಿಯ ಹ್ಯಾಂಬರ್ಗ್, ಡ್ರೆಸ್ಡನ್ ನಗರಗಳಲ್ಲಿ ಅವು ಏನು ಮಾಡಿದವು ಅಂತ ಓದಿದ್ದೇನೆ. ಆ ಬಾಂಬರ್‌ಗಳನ್ನು ಹಾರಿಸುತ್ತಿದ್ದ ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲೂ ಸತ್ತವರು 55,000ಕ್ಕೂ ಜಾಸ್ತಿ, ಅದರಲ್ಲಿ ಕೆನಡಾದವರೇ ಸುಮಾರು 10,000. ಇಂದಿಗೂ ಹಾರುವ ಲಂಕಾಸ್ಟರ್ ಪ್ರಪಂಚದಲ್ಲಿ ಎರಡೇ ಎರಡು, ಒಂದು ಒಂಟಾರಿಯೋದ ಹ್ಯಾಮಿಲ್ಟನ್ ಮ್ಯೂಸಿಯಂನಲ್ಲಿದೆ. ಆಂಡಿಯ ವಿಮಾನದ ಅಕ್ಷರಗಳನ್ನೇ ಅದರ ಮೈಮೇಲೆ ಬರೆದಿದ್ದಾರೆ. ಆ ಕಡೆ ಕೆಲಸಕ್ಕೆ, ಓದಿಗೆ ಹೋಗುವ ನಮ್ಮ ಶಾಲೆಯ ಹುಡುಗರು ಬೇಸಿಗೆಯಲ್ಲಿ ಹೋಗಿ ನೋಡಿ, ಬಾಲದ ಆ ಗೋಪುರ ಎಷ್ಟು ಇಕ್ಕಟ್ಟು ಅಂತ ಹತ್ತಿರದಿಂದ ಕಾಣಿಸುತ್ತೆ.