ಹೊಸ ಟರ್ಬೊ ಕಾರಿನಲ್ಲಿ ಚಾರ್ಮಾಡಿ ಹತ್ತಿದ್ದು

ಹೊಸ ಗಾಡಿ ಮನೆಗೆ ಬಂದರೆ ಮೊದಲು ಧರ್ಮಸ್ಥಳ. ನಮ್ಮನೆಯಲ್ಲಿ ಇದರ ಬಗ್ಗೆ ಚರ್ಚೆಯೇ ಇಲ್ಲ. ಈ ಸಲ ಬಂದಿದ್ದು ಫೋಕ್ಸ್‌ವ್ಯಾಗನ್ ವರ್ಟಸ್, 1.0 ಟಿಎಸ್‌ಐ (ಒಂದು ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್), ಮ್ಯಾನುವಲ್ ಗೇರು. ಷೋರೂಮಿನಲ್ಲಿ ನಿಂಬೆಹಣ್ಣಿನ ಮೇಲೆ ಹತ್ತಿಸಿ ತಂದಾಗಿನಿಂದ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ತೆವಳುತ್ತಿತ್ತು. ಅದರ ಸ್ವಭಾವ ಗೊತ್ತಾಗಿದ್ದು ಊರು ಬಿಟ್ಟ ಮೇಲೆಯೇ.

ಅಪ್ಪನಿಗೆ ಮೊದಲಿನಿಂದಲೂ ಎರಡು ತಕರಾರು. ಒಂದು, ಎಲ್ಲರೂ ಎಸ್‌ಯುವಿ ತಗೊಳ್ಳುವಾಗ ಇವನು ನೆಲಕ್ಕೆ ಅಂಟಿದ್ದನ್ನು ತಂದ ಅಂತ. ಇನ್ನೊಂದು, "ಇಷ್ಟುದ್ದ ಕಾರಿಗೆ ಮೂರೇ ಸಿಲಿಂಡರಾ?" ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ನೆಲದಿಂದ 179 ಮಿ.ಮೀ. ಎತ್ತರ ಇದೆ, ಡಿಕ್ಕಿ 521 ಲೀಟರ್. ಅಮ್ಮ ಎರಡು ದಿನಕ್ಕೆ ಎಷ್ಟು ಬ್ಯಾಗ್ ತುಂಬುತ್ತಾಳೆ ಅಂತ ನೋಡಿದವರಿಗೆ ಆ ಡಿಕ್ಕಿಯ ಬೆಲೆ ಗೊತ್ತು. ಎರಡನೆಯದಕ್ಕೆ ಘಾಟಿಯೇ ಉತ್ತರ ಕೊಡಲಿ ಅಂತ ಸುಮ್ಮನಾದೆ.

ನೆಲಮಂಗಲ ಟೋಲ್ ದಾಟಿ ಕುಣಿಗಲ್, ಯಡಿಯೂರು. ರಸ್ತೆ ಖಾಲಿ. ಆರನೇ ಗೇರಿನಲ್ಲಿ ನೂರರ ಹತ್ತಿರ ಹೋಗುವಾಗ ಆರ್‌ಪಿಎಂ ಮುಳ್ಳು, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸೋದು, ಎರಡು ಸಾವಿರದ ಆಸುಪಾಸಿನಲ್ಲೇ ಇತ್ತು. ಇಂಜಿನ್ ಸದ್ದಿಗಿಂತ ಟೈರಿನ ಸದ್ದೇ ಜಾಸ್ತಿ. ಹೊಸ ಇಂಜಿನ್ನನ್ನು ಮೊದಲ 1000 ಕಿ.ಮೀ. ಕಿರುಚಿಸಬಾರದು ಅಂತಾರೆ. ಹಳೆ ಕಾರಾಗಿದ್ದರೆ ಅದು ದೊಡ್ಡ ಶಿಕ್ಷೆ. ಲಾರಿ ಹಿಂದೆ ಹಾಕಬೇಕಂದ್ರೆ ಅದನ್ನು ನಾಲ್ಕು ಸಾವಿರಕ್ಕೆ ಎಳೆಯಲೇಬೇಕಿತ್ತು. ಇದರಲ್ಲಿ 178 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, 1750 ಆರ್‌ಪಿಎಂಗೇ ಸಿಗುತ್ತದೆ. ಗೇರ್ ಇಳಿಸದೆ ಮೆಲ್ಲಗೆ ಒತ್ತಿದರೂ ಸಾಕು, ಲಾರಿ ಕನ್ನಡಿಯಲ್ಲಿರುತ್ತದೆ.

ಸಕಲೇಶಪುರ ದಾಟಿ ಶಿರಾಡಿ ಇಳಿದೆವು. ಮಂಗಳೂರು ಕಡೆಯಿಂದ ಗ್ಯಾಸ್ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು. ಸಣ್ಣ ಇಂಜಿನ್ನಿನ ಕೊರತೆ ಕಂಡಿದ್ದು ಇಲ್ಲಿ. ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವ ಶಕ್ತಿ ಅದಕ್ಕೆ ಕಮ್ಮಿ. ಮೂರನೇ ಗೇರು ಸಾಲದೆ ಎರಡಕ್ಕೆ ಇಳಿಸಿದೆ.

ಧರ್ಮಸ್ಥಳದಲ್ಲಿ ನೇತ್ರಾವತಿ ಸ್ನಾನ, ದರ್ಶನ, ಅನ್ನಪೂರ್ಣದಲ್ಲಿ ಊಟ. ಕಾರಿಗೂ ಪೂಜೆ, ಬಾನೆಟ್ ಮೇಲೆ ಕುಂಕುಮ. ಬಿಳಿ ಬಣ್ಣದ ಮೇಲೆ ಕುಂಕುಮ ಕೂತರೆ ಸುಲಭಕ್ಕೆ ಹೋಗಲ್ಲ, ಬಟ್ಟೆ ಹಿಡಿದು ಹೊರಟವನನ್ನು ಅಮ್ಮ ಕಣ್ಣಲ್ಲೇ ತಡೆದಳು.

ವಾಪಸ್ ಬರುವಾಗ ಬೇಕಂತಲೇ ಚಾರ್ಮಾಡಿ ದಾರಿ ಹಿಡಿದೆ. ಉಜಿರೆ ದಾಟಿ ಏರು ಶುರುವಾಯಿತು. ಮೊದಲ ಕಡಿದಾದ ತಿರುವಿನಲ್ಲಿ ಎರಡನೇ ಗೇರು, ಮುಳ್ಳು 1200ರಲ್ಲಿ. ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಒಂದು ಕ್ಷಣ ಗಾಡಿ ಅಲ್ಲೇ ಒದ್ದಾಡಿ, ಮುಳ್ಳು 1800 ದಾಟುತ್ತಿದ್ದ ಹಾಗೆ ಬೆನ್ನು ಸೀಟಿಗೆ ಒತ್ತಿಕೊಂಡಿತು. "ಎತ್ತು ಯೋಚನೆ ಮಾಡಿ ಎಳೆದ ಹಾಗಿದೆ" ಅಂದರು ಅಪ್ಪ. ಟರ್ಬೊ ಲ್ಯಾಗ್ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ.

ವಿಷಯ ಇಷ್ಟೇ. ಟರ್ಬೊದಲ್ಲಿ ಇಂಜಿನ್ನಿನಿಂದ ಹೊರಬೀಳುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಗಾಳಿ ಜಾಸ್ತಿ ಹೋದಷ್ಟೂ ಪೆಟ್ರೋಲ್ ಜಾಸ್ತಿ ಉರಿಸಬಹುದು. ಹಾಗಾಗಿಯೇ 999 ಸಿಸಿಯಲ್ಲಿ 115 ಪಿಎಸ್ ಶಕ್ತಿ ಬರೋದು. ಆದರೆ ಇಂಜಿನ್ ನಿಧಾನಕ್ಕೆ ತಿರುಗುವಾಗ ಹೊಗೆಯೂ ಕಮ್ಮಿ, ಚಕ್ರಕ್ಕೆ ವೇಗ ಬರಲ್ಲ. ಅಲ್ಲಿಯವರೆಗೆ ನೀವು ಓಡಿಸುತ್ತಿರುವುದು ಬರೀ ಒಂದು ಲೀಟರಿನ ಇಂಜಿನ್.

ಮುಂದಿನ ತಿರುವುಗಳಲ್ಲಿ, ತೀರಾ ಕಡಿದಾಗಿದ್ದರೆ ಹಿಂದುಮುಂದು ನೋಡದೆ ಮೊದಲ ಗೇರು. ಉಳಿದ ಕಡೆ ಎರಡರಲ್ಲೇ, ಮುಳ್ಳು 1700ರ ಕೆಳಗೆ ಬೀಳದ ಹಾಗೆ. ಅಷ್ಟು ಮಾಡಿದರೆ ಐದು ಜನ, ತುಂಬಿದ ಡಿಕ್ಕಿ, ಏಸಿ ಎಲ್ಲ ಇದ್ದರೂ ಗಾಡಿ ಸುಸ್ತಾಗಲಿಲ್ಲ. ಅಪ್ಪ ಸಿಲಿಂಡರ್ ಲೆಕ್ಕ ಮತ್ತೆ ಎತ್ತಲಿಲ್ಲ.

ಕೊಟ್ಟಿಗೆಹಾರದಲ್ಲಿ ಮಂಜು, ಸಣ್ಣ ಮಳೆ. ನೀರುದೋಸೆ ತಿನ್ನದೆ ಅಲ್ಲಿಂದ ಹೊರಡೋದು ಹೇಗೆ? ಕೀ ತೆಗೆದು ಇಳಿದರೂ ಬಾನೆಟ್ ಒಳಗೆ ಫ್ಯಾನ್ ಗೊರ್ ಅಂತಲೇ ಇತ್ತು. "ಆಫ್ ಮಾಡಿದೀಯೇನೋ?" ಅಂತ ಅಪ್ಪ ಬಗ್ಗಿ ಕಿವಿ ಕೊಟ್ಟರು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಸಾಮಾನು, ಮೈಯೆಲ್ಲ ಕೆಂಡ. ಏರು ಹತ್ತಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಹಾಗೇ ಬಿಡೋದು ಒಳ್ಳೆಯದು, ಅದರ ಬೇರಿಂಗಿಗೆ ಎಣ್ಣೆ ಹರಿದು ಬಿಸಿ ಇಳಿಯಬೇಕಲ್ಲ.

ಮೂಡಿಗೆರೆ, ಬೇಲೂರು ದಾರಿಯಲ್ಲಿ ಹಂಪುಗಳಿಗೆ ಲೆಕ್ಕವಿಲ್ಲ. ಓರೆಯಾಗಿ, ಮೆಲ್ಲಗೆ ಹತ್ತಿಸಿದೆ; ಹೊಟ್ಟೆ ಎಲ್ಲೂ ತಾಗಲಿಲ್ಲ. ಮೈಲೇಜ್ ಮಾತ್ರ ಪೂರ್ತಿ ಕಾಲಿನ ಮೇಲೆ. ಹೈವೇಯಲ್ಲಿ ಪರದೆ 18 ತೋರಿಸುತ್ತಿತ್ತು, ಘಾಟಿಯಲ್ಲಿ 11ಕ್ಕೆ ಇಳಿಯಿತು. ಹಾಸನ ದಾಟಿ ಚೇತರಿಸಿಕೊಂಡು 16ಕ್ಕೆ ಬಂದಿದ್ದನ್ನು ನೆಲಮಂಗಲದ ಟ್ರಾಫಿಕ್ ಮತ್ತೆ ಕೆಳಗಿಳಿಸಿತು.